ಬೆನ್ನಿನ ಗಾಯ

ಮಿರಿನೆ ಎಂದರೆ ಸುಳ್ಳಾಡದ ಹೆಂಗಸು ಎಂದು ಆ ಕಡಲ ದಂಡೆಯ ಊರಿನಲ್ಲಿ ಹೆಸರಿತ್ತು. ಒಣ ಅಂಜೂರ ಮಾರುವಾಗ ಹುಳ ಹಿಡಿದದ್ದನ್ನು ತಾನೇ ಎತ್ತಿ ತೋರಿಸುತ್ತಿದ್ದಳು. ಗಂಡ ಕಡಲುಪಾಲಾದ ಮೇಲೆ ಲಾಂಪೋನ್, ಥೆರೋನ್ ಎಂಬ ಗಂಡುಮಕ್ಕಳಿಬ್ಬರನ್ನೂ ಆ ಅಂಜೂರದ ಮರಗಳನ್ನು ನಂಬಿಯೇ ಸಾಕಿದಳು. ಬದುಕಿನಲ್ಲಿ ಅವಳು ಹೇಳಿದ ದೊಡ್ಡ ಸುಳ್ಳು ಒಂದೇ. ಅದನ್ನು ಊರು ಇವತ್ತಿಗೂ ಹಾಡುತ್ತದೆ.

ಗುಡ್ಡದಾಚೆಯವರು ದನ ಹೊಡೆದುಕೊಂಡು ಹೋಗಲು ಬಂದಾಗ ದೊಡ್ಡವನು ಲಾಂಪೋನ್ ಈಟಿ ಹಿಡಿದು ಹೋದ, ಹೆಣವಾಗಿ ಬಂದ. ಹೆಣ ತೊಳೆದು ಎಣ್ಣೆ ಹಚ್ಚುವುದು ಮನೆಯ ಹೆಂಗಸರ ಕೆಲಸ. ಗಾಯ ಎಲ್ಲಿದೆಯೆಂದು ಹೊರಗೆ ಬಂದು ಹೇಳುವವರೂ ಅವರೇ. ಎದೆಯಲ್ಲಿದ್ದರೆ ಹಾಡುಗಾರ ತಂತಿ ಮೀಟುತ್ತಾನೆ. ಬೆನ್ನಲ್ಲಿದ್ದರೆ ಎಲ್ಲರೂ ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ.

ಮಿರಿನೆ ಮಗನನ್ನು ಮಗ್ಗುಲಾಗಿಸಿದಳು. ಈಟಿ ಬೆನ್ನಿನಿಂದ ಹೊಕ್ಕು ಎದೆಯಲ್ಲಿ ಮೊನೆ ಚಾಚಿತ್ತು. ಹುಡುಗ ಓಡಿದ್ದ. ಅವಳಿಗೆ ಅವನ ಮೇಲೆ ಎಳ್ಳಷ್ಟೂ ಸಿಟ್ಟು ಬರಲಿಲ್ಲ. ಇನ್ನಷ್ಟು ಜೋರಾಗಿ ಓಡಬಾರದಿತ್ತೇ ಎಂದು ಅತ್ತಳು. ಆದರೆ ಚಿಕ್ಕವನು ಇದೇ ಊರಲ್ಲಿ ಬಾಳಬೇಕಿತ್ತು. ಬೆನ್ನಿನ ಗಾಯಕ್ಕೆ ಉಣ್ಣೆ ತುಂಬಿ, ಹೊದಿಕೆ ಬಿಗಿದು ಹೊರಗೆ ಬಂದಳು.

“ಎದೇಲಿ ಕಣಪ್ಪಾ,” ಎಂದಳು ಹಾಡುಗಾರ ಮೆಲಾಸನಿಗೆ. “ಎದುರಿಗೇ ನಿಂತಿದ್ದ.”

ಮೆಲಾಸ ಹಾಡಿದ. ಹಬ್ಬ ಬಂದಾಗಲೆಲ್ಲ, ಕುಡಿಯಲು ಕೂತು ದ್ರಾಕ್ಷಿ ಮದ್ಯಕ್ಕೆ ನೀರು ಬೆರೆಸಿದಾಗಲೆಲ್ಲ ಊರು ಆ ಹಾಡನ್ನೇ ಕೇಳಿತು. ಆಡು ಕೊಯ್ಯುವಾಗ ಕಣ್ಣು ಮುಚ್ಚಿಕೊಳ್ಳುವ ಥೆರೋನ್ ಅದನ್ನು ಕೇಳುತ್ತಲೇ ಬೆಳೆದ. ಮೀಸೆ ಮೂಡುವ ಹೊತ್ತಿಗೆ ಗುಡ್ಡದಾಚೆಯವರು ಮತ್ತೆ ಬಂದರು.

“ನೀನು ಹೋಗ್ಬೇಡ ಮಗಾ. ಅಂಜೂರ ಕೀಳೋರು ಯಾರು?”

“ಅಂಜೂರ ಅಂತೆ ಅಂಜೂರ. ಲಾಂಪೋನನ ತಮ್ಮ ಬುಟ್ಟಿ ಹಿಂದೆ ಬಚ್ಚಿಟ್ಕೊಂಡಿದ್ದ ಅಂತ ಮೆಲಾಸ ಹಾಡ್ಬೇಕೇನವ್ವಾ?”

“ನಿಮ್ಮಣ್ಣ...” ಎಂದಳು ಮಿರಿನೆ.

“ಅಣ್ಣ ಏನು?”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗನ ಮುಖದಲ್ಲಿ ಅಣ್ಣನ ಹೆಸರಿಗೇ ಬೆಳಕು ಬಂದದ್ದನ್ನು ಕಂಡು ಅವಳ ಧೈರ್ಯ ಉಡುಗಿತು.

“ನಿಮ್ಮಣ್ಣ ಹೊಟ್ಟೆ ತುಂಬ ಉಂಡು ಹೋಗಿದ್ದ. ನೀನೂ ಉಂಡು ಹೋಗು,” ಎಂದು ಬಾರ್ಲಿ ರೊಟ್ಟಿ ಮುಂದಿಟ್ಟಳು.

ಥೆರೋನನ ಗಾಯ ಎದೆಯ ನಟ್ಟನಡುವೆ ಇತ್ತು. ಆದರೂ ಮಿರಿನೆ ಮಗ್ಗುಲಾಗಿಸಿ ನೋಡಿದಳು. ಬೆನ್ನು, ಅವನು ಎಳೆಗೂಸಾಗಿದ್ದಾಗ ಅವಳು ಮೀಯಿಸುತ್ತಿದ್ದಾಗಿನ ಹಾಗೆಯೇ ನುಣ್ಣಗಿತ್ತು. ಅದರ ಮೇಲೆ ಕೆನ್ನೆಯಿಟ್ಟು ಬಹಳ ಹೊತ್ತು ಕೂತಳು.

“ಗಾಯ ಎಲ್ಲವ್ವಾ?” ಎಂದ ಹೊರಗೆ ಕಾದಿದ್ದ ಮೆಲಾಸ.

“ಎದೇಲಿ. ಇವಂದು ನಿಜ. ದೊಡ್ಡೋನು ಓಡಿದ್ದ ಕಣಪ್ಪಾ. ನಾನು ಬಾಯಿ ಬಿಟ್ಟಿದ್ರೆ ಇವನು ಮನೇಲಿರ್ತಿದ್ದ. ಅದನ್ನ ಹಾಡು.”

ಮೆಲಾಸ ತಂತಿಯ ಮೇಲಿನ ಕೈ ತೆಗೆದ. ಸುತ್ತ ನಿಂತವರ ಮುಖ ನೋಡಿದ. “ಸಂಕಟಕ್ಕೆ ಏನೇನೋ ಆಡ್ತಾಳೆ, ಒಳಗೆ ಕರ್ಕೊಂಡು ಹೋಗಿ,” ಎಂದ. ಆಮೇಲೆ ಇಬ್ಬರು ಅಣ್ಣತಮ್ಮಂದಿರನ್ನೂ ಸೇರಿಸಿ ಹಾಡಿದ. ಅಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ.

ಈಗ ಪಡೆ ಹೊರಡುವಾಗಲೆಲ್ಲ ಮುದುಕಿ ಮಿರಿನೆ ಊರಬಾಗಿಲಲ್ಲಿ ನಿಲ್ಲುತ್ತಾಳೆ. ಒಬ್ಬೊಬ್ಬನ ತೋಳು ಹಿಡಿದು, “ನನ್ನ ಲಾಂಪೋನ್ ಓಡಿದ್ದ ಕಣೋ, ನೀನೂ ಓಡು,” ಎನ್ನುತ್ತಾಳೆ. ಹುಡುಗರು ಸಿಟ್ಟಾಗುವುದಿಲ್ಲ. ವೀರರ ತಾಯಿಯೆಂದು ಬಾಗಿ ಅವಳ ಕೈಗೆ ಮುತ್ತಿಟ್ಟು, ಅವಳ ಮಕ್ಕಳ ಹಾಡನ್ನೇ ಹಾಡಿಕೊಂಡು ಗುಡ್ಡ ಹತ್ತುತ್ತಾರೆ.