ನಲ್ಲಿ ಮೂಳೆ ಸಿಗದವರ ಮುನಿಸು

ಹೋದ ಭಾನುವಾರ ಒಂದು ನಲ್ಲಿ ಮೂಳೆಯ ವಿಷಯವಾಗಿ ಕ್ಷಮೆ ಕೇಳಲು ಸೋಸಲೆಗೆ ಹೋಗಿದ್ದೆ. ಮೂಳೆ ತಿಂದವನು ನಾನಲ್ಲ. ತಪ್ಪು ಮಾಡಿದವನೂ ನಾನಲ್ಲ. ಗೆಳೆಯ ಮಾದೇಶನ ಜೊತೆ ಧೈರ್ಯಕ್ಕೆ ಹೋಗಿದ್ದೆ, ಅಷ್ಟೆ.

ಮಾದೇಶ ಗೊತ್ತಲ್ಲ? ಟಿವಿ ಕಾಮಿಡಿ ಶೋನಲ್ಲಿ ಒಂದು ವಾರ ಕುಡುಕ, ಇನ್ನೊಂದು ವಾರ ಸೀರೆಯುಟ್ಟ ಅತ್ತೆ. ನಮ್ಮ ಹುಲ್ಲಹಳ್ಳಿಯವನೇ. ಸ್ಕೂಲ್ ಡೇಯಲ್ಲಿ ಹೆಡ್‌ಮಾಸ್ಟರ್ ನಡಿಗೆ ತೋರಿಸಿ ತಿಂದ ಏಟೇ ಅವನ ಮೊದಲ ಸಂಭಾವನೆ. ಆಮೇಲೆ ಆರ್ಕೆಸ್ಟ್ರಾಗಳಲ್ಲಿ ಹಾಡುಗಳ ನಡುವೆ ಮಿಮಿಕ್ರಿ, ಆಮೇಲೆ ಆಡಿಷನ್, ಆಮೇಲೆ ಟಿವಿ. ಈಗ ಹಲ್ಲು ಕೀಳಿಸಿಕೊಳ್ಳಲು ನಂಜನಗೂಡಿಗೆ ಹೋದರೂ ಜನ ಒಂದು ಕಾಮಿಡಿ ಮಾಡು ಅಂತಾರೆ. (ಡಾಕ್ಟರೂ ಕೇಳಿದರಂತೆ, ಇವನ ಬಾಯಲ್ಲಿ ಇಕ್ಕಳ ಇಟ್ಟುಕೊಂಡೇ.)

ಈಚೆಗೆ ಅವನೊಂದು ಸ್ಕಿಟ್ ಮಾಡಿದ. ಮದುವೆಯಾದ ಮೇಲಿನ ಬೀಗರ ಬಾಡೂಟದಲ್ಲಿ ಪಕ್ಕದವರ ಎಲೆಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಬಿತ್ತು, ತನ್ನ ಎಲೆಗೆ ಬೀಳಲಿಲ್ಲ ಅಂತ ಮುನಿಸಿಕೊಂಡು ಎದ್ದುಹೋಗುವ ಹಿರಿಯರ ಕಥೆ. ನಮ್ಮ ಕಡೆ ಇದು ಕಥೆಯಲ್ಲ ಬಿಡಿ, ವಾರ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬರು ಮಾತ್ರ ನಗಲಿಲ್ಲ.

ಅವರು ಮಾದೇಶನ ತಂಗಿಯನ್ನು ಮದುವೆಯಾಗಲಿರುವ ಹುಡುಗನ ಸೋದರಮಾವ, ಸೋಸಲೆಯ ಚಿಕ್ಕೇಗೌಡರು. ನನ್ನನ್ನೇ ಟಿವೀಲಿ ಹಾಕಿ ಮರ್ಯಾದೆ ತೆಗೆದ, ಮದುವೆಗೆ ಬರೋದಿಲ್ಲ ಎಂದು ಕೂತುಬಿಟ್ಟರು. (ಅವರೂ ಎಲ್ಲೋ ಹಾಗೆ ಎದ್ದಿದ್ದರು ಎಂದೇ ಅರ್ಥ ತಾನೆ?) ಸೋದರಮಾವ ಬಾರದೆ ಹುಡುಗ ಹಸೆಗೆ ಬರುವುದುಂಟೆ? ಮದುವೆ ಹತ್ತಿರ ಬಂದಿತ್ತು. ತಂಗಿ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ನಾಡನ್ನೆಲ್ಲ ನಗಿಸುವವನಿಗೆ ಮನೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ. ನೋಡಿ ನನಗೂ ಸಂಕಟವಾಯಿತು.

ಸೋಸಲೆಗೆ ಹೋದವನೇ ಮಾದೇಶ ಗೌಡರ ಕಾಲಿಗೆ ಬಿದ್ದು ನಿಜವನ್ನೇ ಹೇಳಿದ. "ಅದು ನೀವಲ್ಲ ಮಾವ, ನಮ್ಮಪ್ಪ. ನಮ್ಮಕ್ಕನ ಬೀಗರ ಊಟದಲ್ಲಿ ಅವರೇ ಅಂಗೆ ಎದ್ದೋಗಿದ್ದು."

ಗೌಡರ ಮುಖ ಅರಳುತ್ತದೆ ಅಂದುಕೊಂಡೆ. ಬಾಡಿತು.

"ನಾನಲ್ವಾ?" ಎಂದರು. "ಊರೋರೆಲ್ಲ ಬಂದು ನನ್ಜೊತೆ ಫೋಟೋ ತಗುಸ್ಕೊಂಡೋದ್ರು. ಈಗ ನಾನಲ್ಲ ಅಂದ್ರೆ ಯಾವ ಮೊಕ ಇಟ್ಕಂಡು ತಿರುಗ್ಲಪ್ಪಾ?"

ಟಿವಿಯಲ್ಲಿ ಮಾನ ಹೋಯಿತೆಂದು ಮುನಿಸು. ಹೋಗಿಲ್ಲ ಎಂದರೆ ಇನ್ನೂ ದೊಡ್ಡ ಮುನಿಸು. ಮಾದೇಶ ನಟನಲ್ಲವೇ? ತಕ್ಷಣ ಮಾತು ತಿರುಗಿಸಿದ. ಅಪ್ಪನ ಹೆಸರು ಹೇಳಿದ್ದು ಹೆದರಿಕೆಗೆ, ಪಾತ್ರ ಮಾಡಿದ್ದು ನಿಮ್ಮನ್ನು ನೋಡಿಯೇ, ಆ ಗತ್ತು ನಮ್ಮಪ್ಪನಿಗೆ ಎಲ್ಲಿಂದ ಬರಬೇಕು ಎಂದ. ಗೌಡರು ಕಾಫಿ ತರಿಸಿದರು. ಮದುವೆಗೆ ಬರುತ್ತೇನೆ, ಆದರೆ ಮುಂದಿನ ಸಲ ಪಾತ್ರಕ್ಕೆ ನನ್ನ ಹೆಸರನ್ನೇ ಇಡಬೇಕು ಎಂದು ಷರತ್ತನ್ನೂ ಹಾಕಿದರು.

ಗೆದ್ದೆವೆಂದು ಹುಲ್ಲಹಳ್ಳಿಗೆ ಬಂದರೆ, ಮಾದೇಶನ ಅಪ್ಪ ಮೊಬೈಲಿನಲ್ಲಿ ಅದೇ ಸ್ಕಿಟ್ ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ. ನನ್ನನ್ನೂ ಕರೆದು ತೋರಿಸಿದರು.

"ಒಂದು ಮೂಳೆಗೋಸ್ಕರ ಎಲೆ ಬಿಟ್ಟು ಏಳೋ ಜನಾನೂ ಇರ್ತಾರಲ್ಲಪ್ಪ, ನಾಚ್ಕೆ ಆಗಾಕಿಲ್ವಾ ಅವ್ರಿಗೆ?"

ಅಂದ ಹಾಗೆ, ಆ ಸ್ಕಿಟ್ ನೋಡಿ ನಗುವಾಗ ನೀವು ಯಾರನ್ನು ನೆನೆಸಿಕೊಂಡಿರಿ?