ಆಚೆ ದಡಕ್ಕೆ ಕಾಣುವ ಹೊಳಪು

ಪಾತ್ರೆ ತಿಕ್ಕುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಬೇರೆ ಜಂಬ ಪಡಲು ಬಂಡವಾಳವಿಲ್ಲ. ಹಾಡು ಬಾರದು, ರಂಗೋಲಿಯ ಎಳೆ ನನ್ನ ಕೈಯಲ್ಲಿ ಸೊಟ್ಟಗೇ ಹೋಗುತ್ತದೆ, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಔಷಧಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದಕ್ಕಷ್ಟೇ ಉಳಿದಿದೆ. ಆದರೆ ನಮ್ಮ ಸಾಗರದ ಮನೆಗೆ ಬಂದವರು ನೀರು ಕುಡಿದು ಲೋಟ ಕೆಳಗಿಡುವ ಮೊದಲು ಅದರಲ್ಲೊಮ್ಮೆ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಂಡು ಕೂದಲು ಸರಿಮಾಡಿಕೊಂಡವರೂ ಇದ್ದಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಮನಿಸಿದ್ದೇನೆ.

ಈ ಜಂಬವನ್ನು ಹೋದ ಬೇಸಿಗೆಯಲ್ಲಿ ಅಪ್ಪಯ್ಯನ ದೋಣಿಯೊಂದು ಇಳಿಸಿತು.

ಲೋಹಗಳಲ್ಲಿ ಅಲ್ಯೂಮಿನಿಯಮ್ಮಿನಷ್ಟು ಮರ್ಯಾದೆ ಇಲ್ಲದ್ದು ಇನ್ನೊಂದಿಲ್ಲ. ತಾಮ್ರಕ್ಕೆ ದೇವರ ಮನೆಯಲ್ಲಿ ಜಾಗ. ಹಿತ್ತಾಳೆಯನ್ನು ನೆಂಟರು ಬಂದಾಗ ಅಟ್ಟದಿಂದ ಇಳಿಸುತ್ತೇವೆ. ಸ್ಟೀಲಿನ ಮೇಲೆ ಮದುವೆಗೆ ಬಂದವರ ಹೆಸರು ಕೆತ್ತಿಸಿರುತ್ತದೆ. ಅಲ್ಯೂಮಿನಿಯಮ್ಮಿಗೆ ಬಚ್ಚಲಿನ ಹೊರಗಡೆ, ದನದ ಹಿಂಡಿ ಕಲಸುವ ಕೆಲಸ. ನಾನೂ ಅದನ್ನು ಎಂದೋ ಅಡುಗೆಮನೆಯಿಂದ ಹೊರಗೆ ಹಾಕಿದವಳೇ. ಆದರೂ ನನ್ನ ಹುಡುಗಿತನದಲ್ಲಿ ಚಿನ್ನಕ್ಕಿಂತ ಹೆಚ್ಚಾಗಿ ನಾನು ಕಾದು ನೋಡಿದ ಲೋಹ ಅದೇ.

ನನ್ನ ತವರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ಲಿಂಗನಮಕ್ಕಿಯಲ್ಲಿ ನಿಂತ ನೀರು ನಮ್ಮ ಗದ್ದೆಯ ಕೆಳಗಿನ ಅಂಚಿಗೆ ಬಂದು ಮುಟ್ಟುತ್ತದೆ. ನನ್ನನ್ನು ಸಾಗರದ ಕಾನ್ವೆಂಟಿಗೆ ಹಾಕಿ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಶನಿವಾರ ಬೆಳಗಿನ ತರಗತಿ ಮುಗಿದ ಕೂಡಲೇ ಬಸ್ಸು ಹಿಡಿದು ಈಚೆ ದಡದ ಹೊಳೆಬಾಗಿಲಿಗೆ ಬಂದು ನಿಂತರೆ, ಕರೆದುಕೊಂಡು ಹೋಗಲು ಅಪ್ಪಯ್ಯನ ದೋಣಿ ಬರುತ್ತಿತ್ತು. ಮರದ ದೋಣಿ. ಅದರ ಮೂತಿಗೆ ಮಾತ್ರ, ಸಾಗರದ ಗುಜರಿಯಲ್ಲಿ ಸಿಕ್ಕ ಯಾವುದೋ ಹಳೆಯ ಲಾಂಚಿನ ಅಲ್ಯೂಮಿನಿಯಮ್ ಕೊಳವೆಯ ಕಂಬಿಯನ್ನು ಬಗ್ಗಿಸಿ ಕೂರಿಸಿದ್ದರು. ಕಂಬಿಯ ನಡುವೆ ಹಗ್ಗ ಸುತ್ತಲು ಎರಡು ಕೊಂಬಿನ ಒಂದು ಗೂಟ. ಅಷ್ಟೇ ಅಲಂಕಾರ. ಆದರೆ ದಡದಲ್ಲಿ ಟ್ರಂಕಿನ ಮೇಲೆ ಕುಳಿತ ನನಗೆ ಮೊದಲು ದೋಣಿ ಕಾಣುತ್ತಿರಲಿಲ್ಲ, ಅಪ್ಪಯ್ಯನೂ ಕಾಣುತ್ತಿರಲಿಲ್ಲ. ಅಷ್ಟು ದೊಡ್ಡ ನೀರಿನ ನಡುವೆ ಸೂಜಿಯ ಮೊನೆಯಷ್ಟು ಬೆಳಕು ಫಳ್ ಎನ್ನುತ್ತಿತ್ತು. ಆರಿದಂತಾಗಿ ಮತ್ತೆ ಫಳ್. ವಾರವಿಡೀ ಇದ್ದ ಅಳು ಆ ಹೊತ್ತಿಗೆ ನಿಲ್ಲುತ್ತಿತ್ತು.

“ಅಪ್ಪಯ್ಯ, ದೋಣಿ ಎಷ್ಟು ಹೊಳೀತಿತ್ತು ಗೊತ್ತಾ!” ಎಂದರೆ ಅಪ್ಪಯ್ಯ “ಹೂಂ” ಎನ್ನುತ್ತಿದ್ದರು. ಮಿತಭಾಷಿ.

ಈಗ ಅಪ್ಪಯ್ಯ ಇಲ್ಲ. ಸೇತುವೆ ಆಗಿದೆ. ಸೇತುವೆಗಾಗಿ ಹಂಬಲಿಸಿದವರಲ್ಲಿ ನಾನೂ ಒಬ್ಬಳು, ಅದನ್ನು ದೂರುವ ಹಕ್ಕು ನನಗಿಲ್ಲ. ಕಾರಿನಲ್ಲಿ ಕುಳಿತು ಒಂದು ಕಿತ್ತಳೆ ಸುಲಿದು ತಿನ್ನುವಷ್ಟರಲ್ಲಿ ನೀರು ಮುಗಿದೇ ಹೋಗುತ್ತದೆ. ಕಾಯುವುದೊಂದು ಇಲ್ಲ. ಕಾಯದೆ ತಲುಪಿದ ತವರು ಸ್ವಲ್ಪ ಬೇಗ ಬಡಿಸಿದ ಊಟದ ಹಾಗೆ; ಹಸಿವಿಗೆ ಸಮಯ ಸಾಕಾಗಿರುವುದಿಲ್ಲ.

ಏಪ್ರಿಲ್‌ನಲ್ಲಿ ತಮ್ಮ ನಾಗೇಶ ಫೋನು ಮಾಡಿದ. ಕೊಟ್ಟಿಗೆಯಲ್ಲಿ ಬೋರಲು ಬಿದ್ದಿದ್ದ ದೋಣಿಯನ್ನು ತೀರ್ಥಹಳ್ಳಿ ಕಡೆಯ ಒಂದು ಹೋಮ್‌ಸ್ಟೇಯವರು ಕೇಳಿದ್ದಾರಂತೆ, ಮಾತು ಕೊಟ್ಟಾಗಿದೆಯಂತೆ. ಅಂಗಳದಲ್ಲಿಟ್ಟು ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾರಂತೆ.

“ಮುಂದಿನ ಸೋಮವಾರ ಗಾಡಿ ತರ್ತಾರಕ್ಕ. ನೀನು ಆಮೇಲೆ ಗಲಾಟೆ ಮಾಡ್ತೀಯ ಅಂತ ಮುಂಚೆನೇ ಹೇಳಿದ್ದು.”

ನಾನು ಗಲಾಟೆ ಮಾಡಲಿಲ್ಲ. ದೋಣಿ ನೆಲ ಸೇರುವ ಮೊದಲು ಹೊಳೆಬಾಗಿಲಿನ ದಡದಲ್ಲಿ ನಿಂತು ಆ ಫಳ್ ಎನ್ನುವುದನ್ನು ಇನ್ನೊಂದೇ ಸಲ ನೋಡಬೇಕು ಎಂದೆ. ನಾಗೇಶ, “ಅದು ಹೊಳೆಯೋ ಸ್ಥಿತಿಯಲ್ಲಿಲ್ಲಕ್ಕ, ಬಂದು ನೋಡು” ಎಂದ.

ಹೋಗಿ ನೋಡಿದೆ. ಕಂಬಿಯ ಮೈತುಂಬ ಬಿಳಿ ಬೂಷ್ಟಿನಂಥ ಪುಡಿ. ಕೆರೆದರೆ ಕೆಳಗೆ ಸಿಡುಬಿನ ಕಲೆಗಳಂತೆ ಕುಳಿಗಳು. ಮೊಳೆಗಳ ಸುತ್ತ ಎಲ್ಲಕ್ಕಿಂತ ಕೆಟ್ಟಿತ್ತು. ಅಲ್ಯೂಮಿನಿಯಮ್ಮಿಗೆ ಸ್ಟೀಲಿನ ತಿರುಪುಮೊಳೆ ಹಾಕಿದ್ದರು. ನಮ್ಮ ಕೆಮಿಸ್ಟ್ರಿ ಸಿಸ್ಟರ್ ಹೇಳಿದ್ದು ಎಷ್ಟೋ ವರ್ಷದ ಮೇಲೆ ನೆನಪಾಯಿತು. ಎರಡು ಲೋಹಗಳು ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡು ಬಾಳಿದರೆ ಅವುಗಳಲ್ಲಿ ಒಂದು ಸವೆಯುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ಮೊಳೆಗೆ ಏನೂ ಆಗಿರಲಿಲ್ಲ. ಕೆಲವು ಸಂಸಾರಗಳ ನೆನಪಾಗಿ ನಗು ಬಂತು. ಯಾವುವೆಂದು ಬರೆಯುವುದಿಲ್ಲ, ಸಾಗರ ಸಣ್ಣ ಊರು.

ಸಿಸ್ಟರ್ ಇನ್ನೊಂದು ಮಾತನ್ನೂ ಹೇಳಿದ್ದರು. ಅಲ್ಯೂಮಿನಿಯಮ್ ಬಹಳ ನಾಚಿಕೆಯ ಲೋಹ, ಎಷ್ಟೇ ಉಜ್ಜಿ ಬರಿಮೈ ಮಾಡಿದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಾಳಿಯಿಂದಲೇ ತೆಳ್ಳನೆಯ ಅಂಗಿಯೊಂದನ್ನು ಹೊಲಿದುಕೊಳ್ಳುತ್ತದೆ. ನಾವು ನೋಡುವ ಹೊಳಪು ಅದರ ಮೈಯದಲ್ಲ, ಅಂಗಿಯ ಮೂಲಕ ಕಂಡದ್ದು. ಹಾಗೆ ಹೇಳುತ್ತಾ ಅವರು ತಮ್ಮ ಬಿಳಿ ನಿಲುವಂಗಿಯ ತೋಳನ್ನು ಮುಟ್ಟಿಕೊಂಡಿದ್ದರು. ಆಗ ನಾವು ಹುಡುಗಿಯರು ಕಿಸಕ್ಕೆಂದಿದ್ದೆವು. ಈಗ ಕೊಟ್ಟಿಗೆಯಲ್ಲಿ ಕುಳಿತು ಆ ತೋಳಿನ ಇಸ್ತ್ರಿಯ ಗೆರೆ ಕೂಡ ನೆನಪಾಯಿತು.

ನಾಗೇಶ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ, ಮೊಳೆ ಬಿಚ್ಚಿ ಕಂಬಿಯನ್ನು ಕೈಗೆ ಕೊಟ್ಟ. ನಾನು ನನ್ನ ಜಂಬವನ್ನು ಹೊರತೆಗೆದೆ. ಬಾಣಲೆಯ ಜಿಡ್ಡಿಗೆ ನನ್ನ ನಂಬಿಕೆಯ ಮದ್ದು ಬಿಸಿನೀರು ಮತ್ತು ವಾಷಿಂಗ್ ಸೋಡಾ. ದನ ನೀರು ಕುಡಿಯುವ ತೊಟ್ಟಿಯಲ್ಲಿ ಅದನ್ನೇ ಕದಡಿ, ಕಂಬಿ ಮುಳುಗಿಸಿ, ಊಟ ಮಾಡಿ ಬಂದು ನೋಡುತ್ತೇನೆ, ಕಂಬಿ ಹಂಚಿನ ತಳದಂತೆ ಕಪ್ಪಾಗಿ ಮಲಗಿದೆ.

ಅಷ್ಟರಲ್ಲಿ ಅಮ್ಮ ಬಂದರು. ಅಮ್ಮನ ಕಣ್ಣಿನ ಪೊರೆ ತೆಗೆಸಿ ಕೆಲವು ತಿಂಗಳಾಗಿದೆ. ಅಂದಿನಿಂದ ಅವರಿಗೆ ಲೋಕದ ಕೊಳೆಯೆಲ್ಲ ಒಟ್ಟಿಗೇ ಕಾಣತೊಡಗಿದೆ.

“ಎಂತ ಮಾಡಿದ್ಯೆ ಇದು? ದೋಣಿಗೆ ಕಾಡಿಗೆ ಹಚ್ಚಿದ್ಯಾ?”

“ಸೋಡಾ ಹಾಕಿದ್ದೆ ಅಮ್ಮ.”

“ಸೋಡಾನಾ! ಅಲ್ಮಿನಿ ಪಾತ್ರೆಗೆ ಯಾರಾದ್ರೂ ಸೋಡಾ ಹಾಕ್ತಾರನೆ?”

“ಅದು ಪಾತ್ರೆ, ಇದು ದೋಣಿದು.”

“ತಾನು ಪಾತ್ರೆಯೋ ದೋಣಿಯೋ ಅಂತ ಅಲ್ಮಿನಿಗೆ ಗೊತ್ತಾಗ್ತದಾ ಮಾರಾಯ್ತಿ?”

ಅಮ್ಮ ಒಳಗೆ ಹೋಗಿ ಒಣಗಿಸಿಟ್ಟ ವಾಟೆಹುಳಿಯನ್ನು ಕುದಿಸಿ ತಂದರು. ಸಾರಿಗೆ ಹಾಕುವ ಅದೇ ವಾಟೆ. ಹಳೇ ಪಂಚೆಯ ತುಂಡನ್ನು ಆ ಹುಳಿನೀರಲ್ಲಿ ಅದ್ದಿ ಕಂಬಿಗೆ ಸುತ್ತಿದರು, ಬಾಣಂತಿಯ ತಲೆಗೆ ಬಟ್ಟೆ ಕಟ್ಟುವಷ್ಟು ನಾಜೂಕಾಗಿ. ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಕಪ್ಪು ಬಟ್ಟೆಗೆ ಬಂದಿತ್ತು. ಆ ಕೈಗಳಿಗೆ ಈ ಕೆಲಸ ಹೊಸದಲ್ಲ ಎಂದು ನನಗೆ ಹೊಳೆದದ್ದು ಆಗ.

“ಅಪ್ಪಯ್ಯನೂ ಹೀಗೇ ಉಜ್ಜುತಿದ್ರಾ?” ಎಂದೆ.

ಅಮ್ಮ ನಕ್ಕ ರಭಸಕ್ಕೆ ಹೊಸ ಕಣ್ಣುಗಳಲ್ಲಿ ನೀರು ಬಂತು. “ತಾನು ಕುಡಿದ ಚಾ ಲೋಟ ಎತ್ತಿಟ್ಟವರಲ್ಲ ನಿಮ್ಮಪ್ಪಯ್ಯ, ದೋಣಿ ಉಜ್ಜುತಾರಾ!”

“ಮತ್ತೆ ನಾನು ಕೇಳಿದ್ರೆ ಹೂಂ ಅಂತಿದ್ರಲ್ಲ?”

“ಅವ್ರು ಎಂತಕ್ಕೆ ಹೂಂ ಅನ್ಲಿಲ್ಲ ಹೇಳು.” ಆಮೇಲೆ ಬಟ್ಟೆ ಹಿಂಡುತ್ತಾ, ಕಂಬಿಗೇ ಹೇಳುವಂತೆ ಹೇಳಿದರು: “ಒಂದ್ಸಲ ಹಾಸ್ಟೆಲಿಂದ ಬಂದವ್ಳು ಹೇಳಿದ್ಯಲ್ಲೆ, ದೋಣಿಗಿಂತ ಮುಂಚೆ ಬೆಳಕು ಕಾಣ್ತದೆ, ಅದು ಕಂಡ್ರೆ ಅಳು ನಿಲ್ತದೆ ಅಂತ. ಆಮೇಲೆ ಒಂದು ಶುಕ್ರವಾರ ಬಿಡೋ ಹಾಗಿತ್ತಾ?”

ನಾನು ಪಾತ್ರೆ ತಿಕ್ಕುವುದನ್ನೇ ವಿದ್ಯೆ ಮಾಡಿಕೊಂಡವಳು. ಲೋಟ ಕಂಡರೆ ಯಾವ ಪುಡಿ ಹಾಕಿದ್ದಾರೆಂದು ಹೇಳಬಲ್ಲೆ. ನನ್ನ ಬಾಲ್ಯವನ್ನು ಬೆಳಗಿದವರು ಯಾರೆಂದು ಒಂದು ದಿನವೂ ಕೇಳಲಿಲ್ಲ.

ನಂತರದ ದಿನಗಳು ಉಜ್ಜುವುದರಲ್ಲೇ ಹೋದವು. ಒರಟು ಎಮರಿ ಪೇಪರಿನಿಂದ ನುಣುಪಿನದಕ್ಕೆ ಬರುತ್ತಾ, ನೀರು ಚಿಮುಕಿಸಿ, ಒಂದೇ ದಿಕ್ಕಿಗೆ. ಆಮೇಲೆ ಮೆಟಲ್ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ, ಲೋಹ ಬೆಳ್ಳಗಾದಷ್ಟೂ ಬಟ್ಟೆ ಕಪ್ಪಗಾಗುತ್ತಿತ್ತು. ಬೆರಳ ಗೆರೆಗಳೆಲ್ಲ ಕಪ್ಪು. ಆಳದ ಕುಳಿಗಳು ಹೋಗಲಿಲ್ಲ, ಬಿಟ್ಟೆವು. ನಾಗೇಶ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಮೊಳೆಗೂ ಕಂಬಿಗೂ ನಡುವೆ ರಬ್ಬರಿನ ಬಿಲ್ಲೆ ಕೂರಿಸಿದ, ಇನ್ನಾದರೂ ಇಬ್ಬರೂ ಮುಟ್ಟಿಕೊಳ್ಳದೆ ಸುಖವಾಗಿರಲಿ ಎಂದು. ಮರ ನೀರು ಕುಡಿದು ಉಬ್ಬಿ ಸಂದು ಮುಚ್ಚಲೆಂದು ದೋಣಿಯನ್ನು ಎರಡು ದಿನ ದಡದಲ್ಲಿ ಮುಳುಗಿಸಿಟ್ಟ. ಕೊನೆಯ ಮೆರುಗು ನನ್ನದೇ ಬುದ್ಧಿ, ಕೊಬ್ಬರಿ ಎಣ್ಣೆ. ಕಂಬಿ ಹಿಡಿದು ದೋಣಿ ಹತ್ತಲು ಹೋದ ನಾಗೇಶ ಜಾರಿ ಸೊಂಟದವರೆಗೆ ನೀರಿಗಿಳಿದ. “ಅಕ್ಕಾ, ಇದು ದೋಣಿನಾ, ದೋಸೆ ಕಾವಲಿನಾ?” ಎಂದು ಅಲ್ಲಿಂದಲೇ ಕೂಗಿದ. ಎಣ್ಣೆ ಒರೆಸಿ ಕಾರಿನ ಮೇಣ ಹಚ್ಚಿದೆ.

ಶನಿವಾರ ಸಂಜೆ ನಾಳೆಯ ಯೋಜನೆ ಹೇಳಿದೆ. ನಾನು ಸೇತುವೆ ಮೇಲಿಂದ ಹೊಳೆಬಾಗಿಲಿಗೆ ಹೋಗಿ ನಿಲ್ಲುವುದು, ನಾಗೇಶ ದೋಣಿ ತರುವುದು, ಇನ್ನೂ ಸ್ವಲ್ಪ ಸೋರುವ ಅದರಲ್ಲಿ ಅಮ್ಮ ಕುಳಿತು ನೀರು ಮೊಗೆಯುವುದು. ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು:

“ಅದು ಕಾಣೋದು ಹ್ಯಾಂಗೆ?”

“ಯಾವುದು?”

“ಅದೇ, ನೀ ಹೇಳ್ತಿದ್ದಿದ್ದು. ನಾನು ಯಾವತ್ತಾದ್ರೂ ಆಚೆ ದಡದಾಗೆ ಕಾದು ನಿಂತಿದ್ದುಂಟಾ? ಹೋದ್ರೆ ದೋಣಿ ಒಳಗೆ ಕೂತು ಹೋಗೋದು. ಉಜ್ಜಿ ಕಳ್ಸಿದ್ರೆ ಮೂತಿ ಆ ಕಡೆಗೆ, ನಂಗೆ ಹಿಂದುಗಡೆ. ನೀವು ವಾಪಸ್ ಬರೋ ಹೊತ್ತಿಗೆ ನಾ ಒಲೆ ಮುಂದೆ.”

ಅಷ್ಟು ವರ್ಷ ಪ್ರತಿ ಶುಕ್ರವಾರ ಉಜ್ಜಿದ ಬೆಳಕನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ದೋಣಿಗೆ ಉಳಿದಿದ್ದದ್ದು ಒಂದೇ ಪಯಣ, ದಡದಲ್ಲಿ ನಿಲ್ಲುವ ಜಾಗ ಒಂದೇ. ಒಂದು ಕ್ಷಣ ನನಗೆ ಆಸೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ; ಸುಮ್ಮನಿದ್ದುಬಿಡೋಣ ಎನ್ನಿಸಿತು.

ಭಾನುವಾರ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಸಾಗರದಿಂದ ಬಂದ ನಮ್ಮವರು ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಸೇತುವೆ ದಾಟಿದರು. ನಾನು ದೋಣಿ ಹತ್ತಿ, ಸಂದಿನಿಂದ ಜಿನುಗುವ ನೀರನ್ನು ಚೊಂಬಿನಲ್ಲಿ ಮೊಗೆಯುತ್ತಾ ಕುಳಿತೆ. ನಾಗೇಶ ಹುಟ್ಟು ಹಾಕಿದ. ಕಂಬಿ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಅಷ್ಟು ಹತ್ತಿರದಿಂದ ಅದೊಂದು ಬರಿಯ ಕೊಳವೆ. ಎಲ್ಲಿ ಬಾಗಿದೆ, ಎಲ್ಲಿ ಕುಳಿಯಿದೆ ಎಂದಷ್ಟೇ ಕಾಣುತ್ತದೆ. ಹೊಳಪು ಹೊತ್ತು ತರುವವರಿಗೆ ಅದು ಕಾಣುವುದಿಲ್ಲವೆಂದು ಗೊತ್ತಾಯಿತು. ಅಪ್ಪಯ್ಯನ “ಹೂಂ” ಬಹುಶಃ ಅದೇ ಇರಬೇಕು. ದೂರದ ದಡದಲ್ಲಿ ಅಮ್ಮನ ಹಸಿರು ಸೀರೆ ಒಂದು ಚುಕ್ಕಿಯಾಗಿತ್ತು. ಬರುಬರುತ್ತಾ ಅದಕ್ಕೆ ತಲೆ ಬಂತು, ಹಣೆಗೆ ಅಡ್ಡ ಹಿಡಿದ ಕೈ ಬಂತು. ಆ ಕೈ ಕೆಳಗಿಳಿಯಲೇ ಇಲ್ಲ.

ದೋಣಿ ದಡ ಮುಟ್ಟಿತು. “ಕಾಣ್ತಾ ಅಮ್ಮ?” ಎಂದೆ.

ಅಮ್ಮ ಬಗ್ಗಿ ಕಂಬಿಯ ಮೇಲೆ ಬೆರಳಾಡಿಸಿದರು. “ಎಡಗಡೆ ಬುಡದಾಗೆ ಸರಿ ಉಜ್ಜಲಿಲ್ಲ ನೀನು.”

ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. “ನೀವು ಬರೋ ಹೊತ್ತಿಗೆ ಅಳಿಯಂದ್ರು ಎಂತದೋ ಮಾತಾಡ್ಸಿದ್ರು, ಸಮಾ ನೋಡೋಕಾಗ್ಲಿಲ್ಲ. ಇನ್ನೊಂದ್ಸಲ ಆಚೆ ಹೋಗಿ ಬನ್ನಿ.”

ಬಾಯೇ ತೆರೆಯದ ನಮ್ಮವರು ಆಕಾಶ ನೋಡಿದರು. ನಾಗೇಶ ದೋಣಿ ತಿರುಗಿಸಿದ. ನಾನು ಚೊಂಬು ಕೈಗೆತ್ತಿಕೊಂಡೆ.

“ನಿಧಾನಕ್ಕೆ ಬನ್ನಿ,” ಎಂದು ಅಮ್ಮ ದಡದಿಂದ ಕೂಗಿದರು, “ನಂಗೇನು ಅವಸರ ಇಲ್ಲ.”