ಮೊಣಕೈ ಅಳತೆ

ಕಾವೂರಿನ ನಮ್ಮ ಮನೆಗೆ ಕಂಪ್ಯೂಟರ್ ಮೇಜು ಮಾಡಲು ಬಂದ ಆಚಾರಿಗೆ ಮರಕ್ಕಿಂತ ಮನುಷ್ಯರ ಮೇಲೆ ಗುಮಾನಿ ಹೆಚ್ಚು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದರು.

"ಸುಳ್ಳು ಕೂರಬೇಡಿ ಮಾರಾಯ್ರೆ. ದಿನಾ ಕೂರುವ ಹಾಗೆ ಕೂರಿ."

ಬೆನ್ನುನೋವಿಗೆಂದೇ ಮಾಡಿಸುತ್ತಿದ್ದ ಮೇಜು. ನಾನು ಪಾಸ್‌ಪೋರ್ಟ್ ಫೋಟೋಕ್ಕೆ ಕೂತವನಂತೆ ಸೆಟೆದೇ ಕೂತೆ. ಆಚಾರಿ ಅದೇ ಮಾತನ್ನು ಮೂರು ಸಲ ಹೇಳಿ, ಕೊನೆಗೆ ಸಿಕ್ಕಿದ ಅಳತೆಗೇ ಮಾಡಿಕೊಟ್ಟರು.

ವಾರದೊಳಗೆ ನನ್ನ ಬೆನ್ನು ಹಳೆಯ ಗೂನಿಗೆ ಮರಳಿತು. ಮೇಜು ಎದೆಗೆ ಬಂತು, ಭುಜ ಕಿವಿಗೆ ಬಂತು. "ಎತ್ತರ ಆಯ್ತು, ಕಾಲು ಕೊಯ್ದು ಕೊಡಿ" ಎಂದು ಫೋನಿನಲ್ಲಿ ರೇಗಿದೆ.

ಆಚಾರಿ ಬಂದರು. ಗರಗಸವನ್ನು ಚೀಲದಿಂದ ತೆಗೆಯಲೇ ಇಲ್ಲ. ಮೇಜನ್ನು ಅಳೆದು, ಕುಗ್ಗಿ ಕೂತಿದ್ದ ನನ್ನನ್ನು ನೋಡಿದರು.

"ಮೇಜು ಸರಿ ಉಂಟು. ಅವತ್ತು ಅಳತೆ ಕೊಟ್ಟ ಜನ ಎಲ್ಲಿ?"